ಬರ ಪರಿಹಾರ: ಪಹಣಿಯ ಹೆಸರೂ ದುಡಿಯುವ ಕೈಯೂ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪೂಜ್ಯರು ನನಗೆ ಕೊಟ್ಟ ವಿಷಯ ‘ಕಾಯಕ ಮತ್ತು ಇಂದಿನ ಸಮಾಜ’. ಇದರ ಮೇಲೆ ಮಾತನಾಡಲು ನನಗಿಂತ ಓದಿಕೊಂಡವರು ಈ ಸಭೆಯಲ್ಲೇ ಬಹಳ ಜನ ಇದ್ದೀರಿ. ನಾನು ಸಿವಿಲ್ ಎಂಜಿನಿಯರಿಂಗ್ ಓದಿ, ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ನೌಕರಿ ಮಾಡಿ, ಕೆರೆ, ಏರಿ, ಕೋಡಿ, ತೂಬುಗಳ ಅಳತೆ ಬರೆದುಕೊಂಡು ಬಂದವನು. ಅದಕ್ಕೆ ಪೂಜ್ಯರ ಅಪ್ಪಣೆ ಪಡೆದು ವಿಷಯವನ್ನು ನನ್ನ ಅಳತೆಗೆ ಇಳಿಸಿಕೊಂಡಿದ್ದೇನೆ. ಬರ ಬಿದ್ದಾಗ ಸರ್ಕಾರ ರೈತರಿಗೆ ಕೊಡುವ ಪರಿಹಾರದ ಹಣ ಹೇಗೆ ಲೆಕ್ಕವಾಗುತ್ತದೆ, ಯಾರ ಕೈಗೆ ಸೇರುತ್ತದೆ, ಯಾರ ಕೈಗೆ ಸೇರುವುದಿಲ್ಲ, ಅದರಲ್ಲಿ ನಮ್ಮ ಮಠಗಳು ಮಾಡಬಹುದಾದ ಕೆಲಸ ಏನು ಎಂಬುದನ್ನು ಹೇಳುತ್ತೇನೆ. ಕಾಯಕದ ಮಾತು ಅದರೊಳಗೇ ಬರುತ್ತದೆ.

2023ನೆಯ ಇಸವಿ ನಿಮಗೆಲ್ಲ ನೆನಪಿದೆ. ಜೂನ್ ತಿಂಗಳು ಮುಗಿಲು ನೋಡುವುದರಲ್ಲೇ ಹೋಯಿತು. ಜುಲೈದಲ್ಲಿ ಒಂದಿಷ್ಟು ಮಳೆ ಬಂತು, ತಡವಾದರೂ ಆಗಲಿ ಎಂದು ಜನ ಬಿತ್ತಿದರು. ಆಗಸ್ಟ್ ಪೂರ್ತಿ ಒಣಗಿತು. ದೇಶದಲ್ಲಿ 1901ರಿಂದ ಮಳೆಯ ಲೆಕ್ಕ ಇಡುತ್ತಾ ಬಂದ ಮೇಲೆ ಅಷ್ಟು ಕಡಿಮೆ ಮಳೆಯ ಆಗಸ್ಟ್ ಇನ್ನೊಂದಿಲ್ಲ. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಆಮೇಲೆ ಸೇರಿಸುತ್ತಾ ಹೋಗಿ ನವೆಂಬರ್ ಹೊತ್ತಿಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಯಲ್ಲಿದ್ದವು. ಅಂದರೆ ಬರ ಇಲ್ಲದ ತಾಲ್ಲೂಕು ಯಾವುದು ಎಂದು ಹುಡುಕಬೇಕಾದ ಸ್ಥಿತಿ.

ಬರ ಎಂದು ಘೋಷಿಸುವುದು ತಹಶೀಲ್ದಾರರ ಮನಸ್ಸಿಗೆ ಬಂದಂತೆ ಆಗುವ ಕೆಲಸವಲ್ಲ. 2016ರ ಮೇ ತಿಂಗಳಲ್ಲಿ ಸ್ವರಾಜ್ ಅಭಿಯಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ಬರವೂ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅರ್ಥದಲ್ಲಿ ವಿಪತ್ತೇ ಎಂದು ಸ್ಪಷ್ಟಪಡಿಸಿತು. ಅದೇ ವರ್ಷದ ಕೊನೆಗೆ ಕೇಂದ್ರ ಸರ್ಕಾರ ಬರ ನಿರ್ವಹಣೆಯ ಕೈಪಿಡಿಯನ್ನು ತಿದ್ದಿ ಹೊರಡಿಸಿತು. ಅದರ ಪ್ರಕಾರ ಮೊದಲು ಮಳೆಯ ಕೊರತೆ, ಸತತ ಮೂರು ನಾಲ್ಕು ವಾರ ಮಳೆ ಇಲ್ಲದಿರುವುದು ನೋಡುತ್ತಾರೆ. ಅದು ದಾಟಿದರೆ ಬಿತ್ತನೆ ಎಷ್ಟಾಗಿದೆ, ಉಪಗ್ರಹದ ಚಿತ್ರದಲ್ಲಿ ಬೆಳೆಯ ಹಸಿರು ಎಷ್ಟಿದೆ, ಮಣ್ಣಿನ ತೇವ ಎಷ್ಟು, ಜಲಾಶಯ ಮತ್ತು ಅಂತರ್ಜಲ ಎಷ್ಟು ಎಂದು ನೋಡುತ್ತಾರೆ. ಕೊನೆಗೆ ತಾಲ್ಲೂಕಿನ ಶೇಕಡಾ 10ರಷ್ಟು ಹಳ್ಳಿಗಳಿಗೆ ಹೋಗಿ ಕಣ್ಣಾರೆ ತಾಳೆ ನೋಡುತ್ತಾರೆ. ಇಷ್ಟಾದ ಮೇಲೆ ‘ತೀವ್ರ’ ಎಂದು ಬಂದರೆ ಮಾತ್ರ ಕೇಂದ್ರದ ವಿಪತ್ತು ನಿಧಿಯಿಂದ ನೆರವು ಕೇಳಬಹುದು. ‘ಸಾಧಾರಣ’ ಎಂದಾದರೆ ರಾಜ್ಯವೇ ನೋಡಿಕೊಳ್ಳಬೇಕು.

ಎಂಜಿನಿಯರ್ ಆಗಿ ನನಗೆ ಈ ಕ್ರಮ ಮೆಚ್ಚುಗೆಯೇ. ಅಳತೆ ಇಲ್ಲದ ಕಡೆ ವಶೀಲಿ ಬರುತ್ತದೆ. ನಮ್ಮ ರಾಜ್ಯ 1988ರಲ್ಲೇ ಬರ ಮಾಪನ ಕೇಂದ್ರ ಶುರು ಮಾಡಿತು, ಇಂದು ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಆದರೆ ಅಳತೆಗೂ ಒಂದು ಮಿತಿ ಇದೆ. ಆ ವರ್ಷ ‘ಹಸಿರು ಬರ’ ಎಂಬ ಮಾತು ಪತ್ರಿಕೆಗಳಲ್ಲಿ ಬಂದದ್ದನ್ನು ಓದಿರಬಹುದು. ಬೆಳೆ ನೋಡಲು ಹಸಿರು, ಒಳಗೆ ಕಾಳಿಲ್ಲ. ಗೋವಿನಜೋಳ ಎದೆಮಟ ನಿಂತಿದೆ, ತೆನೆ ಬಿಡಿಸಿದರೆ ಬರೀ ದಿಂಡು. ಉಪಗ್ರಹಕ್ಕೆ ಹಸಿರು ಕಾಣುತ್ತದೆ, ತೆನೆಯ ಒಳಗೆ ಕಾಣುವುದಿಲ್ಲ. ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ಬಂದಾಗ ಅವರಿಗೆ ತೆನೆ ಸುಲಿದು ತೋರಿಸಬೇಕಾಯಿತು.

ಇನ್ನು ಹಣದ ಲೆಕ್ಕ. ಇಲ್ಲಿ ಸ್ವಲ್ಪ ತಾಳ್ಮೆಯಿಂದ ಕೇಳಬೇಕು, ಏಕೆಂದರೆ ನಮ್ಮ ರೈತರಲ್ಲಿ ಬಹಳ ಮಂದಿ ಬೆಳೆ ವಿಮೆ ಮತ್ತು ಬೆಳೆ ಪರಿಹಾರ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ವಿಮೆಗೆ ನೀವು ಕಂತು ಕಟ್ಟಿರಬೇಕು. ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ. ಪರಿಹಾರಕ್ಕೆ ಕಂತಿಲ್ಲ. ಅದು ವಿಪತ್ತು ಪರಿಹಾರ ನಿಧಿಯಿಂದ ಬರುವ ಹಣ, ರಾಜ್ಯದ ನಿಧಿಯಲ್ಲಿ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. ಬೆಳೆ ಹಾನಿ ಶೇಕಡಾ 33ಕ್ಕೆ ಕಡಿಮೆ ಇರಬಾರದು. 2015ಕ್ಕಿಂತ ಮೊದಲು ಇದು ಶೇಕಡಾ 50 ಇತ್ತು. 2023ರ ಬರದ ಹೊತ್ತಿಗೆ ದರ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ಇತ್ತು. ಎಷ್ಟೇ ಹೊಲ ಇರಲಿ, ಎರಡು ಹೆಕ್ಟೇರಿನವರೆಗೆ ಮಾತ್ರ. ಬೇರೆ ಬೇರೆ ಸರ್ಕಾರಗಳು ತಮ್ಮ ಬೊಕ್ಕಸದಿಂದ ಇದಕ್ಕೆ ಸೇರಿಸಿ ಕೊಟ್ಟದ್ದೂ ಉಂಟು, 2021ರ ಅತಿವೃಷ್ಟಿಯಲ್ಲಿ ಒಣಬೇಸಾಯಕ್ಕೆ ಆಗಿನ 6,800ರ ದರವನ್ನು ದುಪ್ಪಟ್ಟು ಮಾಡಿದರು.

ಹೆಕ್ಟೇರು ನಮ್ಮ ಬಾಯಿಗೆ ಬರುವ ಅಳತೆಯಲ್ಲ. ಒಂದು ಹೆಕ್ಟೇರೆಂದರೆ 2 ಎಕರೆ 19 ಗುಂಟೆ. ಹಾಗಾದರೆ ಒಣಬೇಸಾಯದ ಎಕರೆಗೆ ಸುಮಾರು 3,440 ರೂಪಾಯಿ. ಗುಂಟೆಗೆ 86. ಇಷ್ಟರಲ್ಲಿ ಹೆಸರು ಬಿತ್ತಿದವನ ಬೀಜ, ಗೊಬ್ಬರ, ಎಡೆ ಹೊಡೆದ ಕೂಲಿ, ಕಳೆ ತೆಗೆದ ಹೆಣ್ಣಾಳಿನ ಕೂಲಿ ಹುಟ್ಟುವುದಿಲ್ಲ ಎಂದು ನೀವು ಹೇಳುತ್ತೀರಿ. ನಿಜ. ಆದರೆ ಸರ್ಕಾರ ಇದನ್ನು ಹೋದ ಬೆಳೆಯ ಬೆಲೆ ಎಂದು ಕೊಡುತ್ತಲೂ ಇಲ್ಲ. ಕಡತದಲ್ಲಿ ಇದರ ಹೆಸರು ‘ಇನ್‌ಪುಟ್ ಸಬ್ಸಿಡಿ’. ಅಂದರೆ ಹೋದದ್ದು ಹೋಯಿತು, ಮುಂದಿನ ಬಿತ್ತನೆಗೆ ಬೀಜ ಗೊಬ್ಬರಕ್ಕೆ ಒಂದು ಆಸರೆ ಎಂದು ಅರ್ಥ. ಈ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಇದರ ಮೇಲೆ ಒಂದು ಪ್ರಶ್ನೆ ಕೇಳುವವನಿದ್ದೇನೆ.

2023ರ ಬರಕ್ಕೆ ರಾಜ್ಯ ಕೇಂದ್ರವನ್ನು ಕೇಳಿದ್ದು ಒಟ್ಟು 18,171 ಕೋಟಿ. ಅದರಲ್ಲಿ ಬೆಳೆ ನಷ್ಟದ ಬಾಬ್ತು 4,663 ಕೋಟಿ, ಬದುಕಿನ ದಾರಿ ತಪ್ಪಿದ ಕುಟುಂಬಗಳಿಗೆಂದು 12,577 ಕೋಟಿ. ಹಣ ಬರಲಿಲ್ಲ. 2024ರ ಜನವರಿಯಲ್ಲಿ ರಾಜ್ಯ ತನ್ನ ಕೈಯಿಂದ ಮೊದಲ ಕಂತಾಗಿ ರೈತರಿಗೆ ಗರಿಷ್ಠ 2,000 ರೂಪಾಯಿ ಹಾಕಿತು. ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು, ಮೇ ತಿಂಗಳಲ್ಲಿ ಮೊದಲ 2,000 ಕಳೆದು ಉಳಿದದ್ದು ಖಾತೆಗೆ ಬಂತು. ಯಾವ ಸರ್ಕಾರದ್ದು ಸರಿ, ಯಾವುದರದ್ದು ತಪ್ಪು ಎಂಬ ವಾದ ಈ ವೇದಿಕೆಗೆ ಬೇಡ. ಆಗಸ್ಟ್‌ನಲ್ಲಿ ಒಣಗಿದ ಬೆಳೆಗೆ ಹಣ ಮೇ ತಿಂಗಳಲ್ಲಿ ಬಂತು ಎಂಬುದನ್ನಷ್ಟೇ ಹೇಳುತ್ತೇನೆ. ಅಷ್ಟರಲ್ಲಿ ಎಷ್ಟು ಜೋಡಿ ಎತ್ತು ಸಂತೆಗೆ ಹೋದವೋ. ಬಂದ ಮೇಲೂ ಕೆಲವು ಬ್ಯಾಂಕುಗಳು ಅದನ್ನು ಹಳೆಯ ಸಾಲಕ್ಕೆ ಜಮಾ ಮಾಡಿಕೊಳ್ಳಲು ಹೋದವು, ಹಾಗೆ ಮಾಡಕೂಡದು ಎಂದು ಸರ್ಕಾರ ಸೂಚನೆ ಕೊಡಬೇಕಾಯಿತು.

ಈಗ ನನ್ನ ನೌಕರಿಯ ಮೊದಲ ದಿನಗಳ ಮಾತು. 1980ರ ದಶಕದ ನಡುವೆ ನಮ್ಮ ಕಡೆ ಸಾಲು ಸಾಲು ಬರ ಬಿದ್ದವು. ನಾನಾಗ ಹೊಸದಾಗಿ ಸೇರಿದ ಜೂನಿಯರ್ ಎಂಜಿನಿಯರ್. ಆಗ ಖಾತೆಗೆ ಹಣ ಹಾಕುವ ಪದ್ಧತಿ ಇರಲಿಲ್ಲ, ಬರಗಾಲದ ಕಾಮಗಾರಿ ಎಂದು ತೆರೆಯುತ್ತಿದ್ದರು. ಕೆರೆಯ ಹೂಳು ತೆಗೆಯುವುದು, ಏರಿಗೆ ಮಣ್ಣು ಹಾಕುವುದು, ಜಲ್ಲಿ ಒಡೆಯುವುದು. ಬೆಳಿಗ್ಗೆ ಯಾರು ಬುಟ್ಟಿ ಸಲಿಕೆ ಹಿಡಿದು ಬಂದರೋ ಅವರ ಹೆಸರು ಮಸ್ಟರ್ ರೋಲಿನಲ್ಲಿ. ವಾರದ ಕೊನೆಗೆ ಅಗೆದ ಗುಂಡಿಯ ನಡುವೆ ಅಳತೆಗೆಂದು ಬಿಟ್ಟ ಮಣ್ಣಿನ ದಿಬ್ಬಕ್ಕೆ ಟೇಪು ಹಿಡಿದು ಆಳ ನೋಡಿ, ಘನ ಅಳತೆ ಕಟ್ಟಿ, ಎಂ.ಬಿ.ಯಲ್ಲಿ ಬರೆದು, ಸಂತೆಯ ದಿನ ಬಟವಾಡೆ. ಅದರಲ್ಲೂ ಕಳವು ಇತ್ತು. ಇಲ್ಲದವರ ಹೆಸರು ಬರೆಯುವುದು, ಹೆಬ್ಬೆಟ್ಟಿನ ಗುರುತು ತಾವೇ ಒತ್ತುವುದು, ಎಲ್ಲಾ ಇತ್ತು, ಆ ಕಾಲವನ್ನು ಸತ್ಯಯುಗ ಎಂದು ನಾನು ಹೇಳಲಾರೆ. ಬಿಸಿಲಿನಲ್ಲಿ ಬಸುರಿ ಹೆಂಗಸರು ಮಣ್ಣು ಹೊರುತ್ತಿದ್ದುದನ್ನು ನೋಡಿದವನಿಗೆ, ಮನೆಯಲ್ಲಿ ಕುಳಿತ ರೈತನ ಖಾತೆಗೆ ನೇರ ಹಣ ಬರುವುದು ಎಷ್ಟೋ ಗೌರವದ ದಾರಿ ಎಂದೇ ಅನಿಸುತ್ತದೆ. ಆದರೆ ಒಂದು ವ್ಯತ್ಯಾಸ ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ಮಸ್ಟರ್ ರೋಲು ಹೊಲ ಯಾರದು ಎಂದು ಕೇಳುತ್ತಿರಲಿಲ್ಲ. ಗಂಡ ಸತ್ತವಳು, ಹೊಲ ಇಲ್ಲದವನು, ಬೇರೆಯವರ ಹೊಲ ಮಾಡುವವನು, ಯಾರು ಬಂದರೂ ಬರೆದುಕೊಳ್ಳುತ್ತಿತ್ತು. ಅದು ಕೈ ನೋಡುತ್ತಿತ್ತು. ಇಂದಿನ ವ್ಯವಸ್ಥೆ ಪಹಣಿ ನೋಡುತ್ತದೆ.

ಪಹಣಿ ಎಂದರೆ ಆರ್‌ಟಿಸಿ, ನಮ್ಮಲ್ಲಿ ಕೆಲವರು ಉತಾರ ಎನ್ನುತ್ತಾರೆ. ಅದರ 9ನೆಯ ಕಲಮಿನಲ್ಲಿ ಖಾತೆದಾರರ ಹೆಸರು. 12ನೆಯ ಕಲಮಿನಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ. ಪರಿಹಾರ ಬರಬೇಕಾದರೆ 9ರಲ್ಲಿ ಹೆಸರಿರಬೇಕು, ಆ ಹೆಸರು ಆಧಾರ್‌ಗೆ ಹೊಂದಬೇಕು, ‘ಫ್ರೂಟ್ಸ್’ ತಂತ್ರಾಂಶದಲ್ಲಿ ಎಫ್‌ಐಡಿ ಎಂಬ ರೈತ ಗುರುತಿನ ಸಂಖ್ಯೆ ಇರಬೇಕು, ಆ ಸಂಖ್ಯೆಗೆ ಎಲ್ಲ ಸರ್ವೆ ನಂಬರುಗಳೂ ಸೇರಿರಬೇಕು, ಬೆಳೆ ಸಮೀಕ್ಷೆಯಲ್ಲಿ ಆ ಹೊಲದ ಬೆಳೆಯ ಫೋಟೋ ಸರಿಯಾಗಿ ದಾಖಲಾಗಿರಬೇಕು, ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಚಾಲ್ತಿಯಲ್ಲಿರಬೇಕು. ಸರಪಳಿಯ ಆರು ಕೊಂಡಿ. ಒಂದು ಬಿಚ್ಚಿದರೂ ಹಣ ಇಲ್ಲ. ಒಬ್ಬರಿಗೆ ಹಣ ಬಂದಿಲ್ಲ ಎಂದು ಹುಡುಕಿದರೆ, ಎಂದೋ ಸಿಲಿಂಡರ್ ಸಬ್ಸಿಡಿಗೆ ತೆರೆದು ಮರೆತುಬಿಟ್ಟ ಇನ್ನೊಂದು ಬ್ಯಾಂಕಿನ ಖಾತೆಗೆ ಹೋಗಿ ಕುಳಿತಿತ್ತು.

ಇಂಥವನ್ನು ಸರಿಪಡಿಸಬಹುದು. ಕಷ್ಟದ್ದು ಮೊದಲ ಕೊಂಡಿ.

ನಮ್ಮೂರಿನಲ್ಲಿ ಒಬ್ಬ ಹೆಣ್ಣುಮಗಳು, ಐವತ್ತರ ಹತ್ತಿರ ವಯಸ್ಸು. ಗಂಡ ತೀರಿಕೊಂಡು ಒಂಬತ್ತು ವರ್ಷ. ಮೂರು ಎಕರೆ ಎರಿ ಹೊಲ ಒಬ್ಬಳೇ ನಿಂತು ಮಾಡಿಸುತ್ತಾಳೆ. ಮಗ ಹುಬ್ಬಳ್ಳಿಯಲ್ಲಿ ಗ್ಯಾರೇಜಿನಲ್ಲಿ ದುಡಿಯುತ್ತಾನೆ. 2024ರ ಮೇ ತಿಂಗಳಲ್ಲಿ ನಾನು ಊರಿಗೆ ಹೋದಾಗ ಕಟ್ಟೆಯ ಹತ್ತಿರ ನಿಲ್ಲಿಸಿ ಕೇಳಿದಳು, “ಅಣ್ಣಾರ, ಎಲ್ಲಾರಿಗೂ ಬರದ ರೊಕ್ಕ ಬಂತು, ನಮಗ ಬರಲಿಲ್ಲ. ನಮ್ಮ ಹೊಲದಾಗ ಅಷ್ಟ ಮಳಿ ಆಗಿತ್ತೇನ್ರಿ?”

ಪಹಣಿ ತೆಗೆಸಿ ನೋಡಿದೆವು. ಹೊಲ ಇನ್ನೂ ಮಾವನ ಹೆಸರಿನಲ್ಲಿದೆ. ಮಾವ ಸತ್ತು ಇಪ್ಪತ್ತು ವರ್ಷದ ಮೇಲಾಯಿತು. ಸತ್ತವರಿಗೆ ಆಧಾರ್ ಇಲ್ಲ, ಎಫ್‌ಐಡಿ ಇಲ್ಲ. ಗಂಡ ಇದ್ದಾಗ ಪೌತಿ ಖಾತೆ ಮಾಡಿಸಲಿಲ್ಲ, ಏಕೆಂದರೆ ಇಬ್ಬರು ಅಕ್ಕಂದಿರು ಇದ್ದರು, ಅವರ ಹೆಸರೂ ಸೇರುತ್ತದೆ ಎಂಬ ಅಂಜಿಕೆ. ಅವರಿಂದ ಹಕ್ಕುಬಿಟ್ಟ ಪತ್ರ ಬರೆಸಿಕೊಂಡು ಮಾಡಿದರಾಯಿತು ಎಂದು ಮುಂದೂಡಿದ. ಅಷ್ಟರಲ್ಲಿ ತಾನೇ ಹೋದ. ಈಗ ಹೊಲ ಮಾಡುವವಳಿಗೆ ಹೆಸರಿಲ್ಲ, ಹೆಸರಿದ್ದವರು ಇಲ್ಲ. ಬರ ಪರಿಹಾರ ಒಂದೇ ಅಲ್ಲ, ಬೆಳೆ ವಿಮೆ, ಸೊಸೈಟಿಯ ಬೆಳೆ ಸಾಲ, ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಹೆಸರು ನೋಂದಣಿ, ಎಲ್ಲವೂ ಇದೇ ಬಾಗಿಲಲ್ಲಿ ನಿಲ್ಲುತ್ತವೆ.

ಶರಣ ಬಂಧುಗಳೆ, ಇದನ್ನು ನಾನು ಕಂದಾಯ ಇಲಾಖೆಯ ದೋಷ ಎಂದು ಹೇಳಲಾರೆ. ಇಲಾಖೆ ಪೌತಿ ಖಾತೆಯ ಆಂದೋಲನವನ್ನೇ ಮಾಡುತ್ತಿದೆ. ದೋಷ ನಮ್ಮ ಪಡಸಾಲೆಯಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಹೆಣ್ಣಿಗೂ ಇಷ್ಟಲಿಂಗ ಕೊಟ್ಟರು, ಅನುಭವ ಮಂಟಪದಲ್ಲಿ ಸ್ಥಾನ ಕೊಟ್ಟರು ಎಂದು ನಾವು ಪ್ರತಿ ಬಸವ ಜಯಂತಿಗೆ ಭಾಷಣ ಮಾಡುತ್ತೇವೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನು ಬಂತು, ಇಡೀ ದೇಶಕ್ಕೆ 2005ರಲ್ಲಿ ಬಂತು. ವಿಧವೆ ಮೊದಲ ದರ್ಜೆಯ ವಾರಸುದಾರಳು ಎಂಬುದು 1956ರಿಂದಲೇ ಇದೆ. ಇಷ್ಟು ಇದ್ದೂ, ಈ ಸಭೆಯಲ್ಲಿ ಕುಳಿತ ತಾಯಂದಿರಲ್ಲಿ ಎಷ್ಟು ಜನರ ಹೆಸರು ಪಹಣಿಯಲ್ಲಿದೆ? ಕೈ ಎತ್ತಿ ಎಂದು ಕೇಳುವುದಿಲ್ಲ, ಮನೆಗೆ ಹೋಗಿ ಪೆಟ್ಟಿಗೆಯಲ್ಲಿರುವ ಕಾಗದ ತೆಗೆದು ನೋಡಿ. ಅಕ್ಕ ತಂಗಿಯರ ಹೆಸರು ಸೇರಬಾರದೆಂದು ಸತ್ತವರ ಹೆಸರನ್ನೇ ಇಟ್ಟುಕೊಂಡು ಕುಳಿತ ಮನೆಗಳು ಊರಿಗೆ ಹತ್ತಾರು ಇವೆ. ಎಲ್ಲರ ಹೆಸರೂ ಜಂಟಿಯಾಗಿ ಸೇರಿಸಿದರೆ ಹೊಲ ಓಡಿಹೋಗುವುದಿಲ್ಲ. ಆಮೇಲೆ ವಾಟ್ನಿ ಮಾಡಿಕೊಳ್ಳುವುದು, ಬಿಡುವುದು ಮನೆಯವರ ಮಾತು.

ಇದಕ್ಕಿಂತ ಮುಜುಗರದ್ದು ಇನ್ನೊಂದಿದೆ. ಅದನ್ನು ನನ್ನಿಂದಲೇ ಶುರು ಮಾಡುತ್ತೇನೆ.

ನನ್ನ ಹೆಸರಿನಲ್ಲಿ ಊರಿನಲ್ಲಿ 4 ಎಕರೆ ಹೊಲ ಇದೆ. ನಾನು ಧಾರವಾಡದಲ್ಲಿ ಪಿಂಚಣಿ ತಿನ್ನುತ್ತಾ ಇದ್ದೇನೆ. ಹೊಲವನ್ನು ಒಬ್ಬರು ಲಾವಣಿಗೆ ಮಾಡುತ್ತಾರೆ. ಯುಗಾದಿಗೆ ಲಾವಣಿ ಹಣ ಮುಂಗಡ ಕೊಟ್ಟುಬಿಡುತ್ತಾರೆ. ಬೀಜ ಅವರದು, ಎತ್ತು ಅವರದು, ಗೊಬ್ಬರ ಅವರದು. ಪಿಎಂ-ಕಿಸಾನ್ ಹಣಕ್ಕೆ 10,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಪಿಂಚಣಿ ಇರುವ ನಮ್ಮಂಥವರು ಬರುವುದಿಲ್ಲ, ಅಲ್ಲಿ ಒಂದು ಜರಡಿ ಇದೆ. ಬೆಳೆ ಪರಿಹಾರಕ್ಕೆ ಆ ಜರಡಿ ಇಲ್ಲ. ಪಹಣಿ ನನ್ನದು, ಎಫ್‌ಐಡಿ ನನ್ನದು, ಆದ್ದರಿಂದ ಎರಡೂ ಕಂತು ಸೇರಿ ಸುಮಾರು 13,700 ರೂಪಾಯಿ ನನ್ನ ಖಾತೆಗೆ ಬಂತು. ನಾನು ಆ ವರ್ಷ ಕಳೆದುಕೊಂಡದ್ದು ಒಂದು ಕಾಳೂ ಇಲ್ಲ. ಲಾವಣಿ ನನಗೆ ಯುಗಾದಿಗೇ ಮುಟ್ಟಿತ್ತು. ಹೊಲ ಮಾಡುವವರು ಮನೆಗೆ ಬಂದರು. ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು, ಮಳೆಯ ಮಾತು, ಮಗಳ ಮದುವೆಯ ಮಾತು ಎಲ್ಲ ಆಡಿ, ಎದ್ದು ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದರು, “ಸಾಹೇಬ್ರ, ಬರದ ರೊಕ್ಕದಾಗ ನಮಗೂ ಒಂದೀಟು ನೋಡ್ರಿ.”

ಹಣ ಅವರಿಗೆ ಮುಟ್ಟಿಸಿದೆ, ಅದು ದೊಡ್ಡ ಮಾತಲ್ಲ. ನನ್ನನ್ನು ಚುಚ್ಚಿದ್ದು ‘ಒಂದೀಟು ನೋಡ್ರಿ’ ಎಂಬ ಆ ಮಾತು. ತನ್ನ ಬೀಜ ಮಣ್ಣುಪಾಲಾದದ್ದಕ್ಕೆ ಬಂದ ಹಣವನ್ನು ಒಬ್ಬ ಕಾಯಕಜೀವಿ ನನ್ನ ಹೊಸ್ತಿಲಲ್ಲಿ ನಿಂತು ಬೇಡಬೇಕಾಯಿತು. ಆ ಹಣದಲ್ಲಿ ನಾನು ಕೊಟ್ಟರೆ ನಾನು ದಾನಿ, ಕೊಡದಿದ್ದರೂ ಕಾನೂನು ನನ್ನನ್ನು ಏನೂ ಕೇಳುವುದಿಲ್ಲ. ಶರಣರು ದಾನ ಬೇರೆ, ದಾಸೋಹ ಬೇರೆ ಎಂದು ಯಾಕೆ ಗೆರೆ ಎಳೆದರು ಎಂಬುದು ನನಗೆ ಪುಸ್ತಕಕ್ಕಿಂತ ಆ ದಿನ ಹೆಚ್ಚು ತಿಳಿಯಿತು. ದಾನದಲ್ಲಿ ಕೊಡುವವನ ಕೈ ಮೇಲೆ ಇರುತ್ತದೆ.

ಈಗ ಆ ಹೆಸರಿನ ಪ್ರಶ್ನೆಗೆ ಬರುತ್ತೇನೆ. ‘ಇನ್‌ಪುಟ್ ಸಬ್ಸಿಡಿ’ ಎಂದರೆ ಮುಂದಿನ ಬಿತ್ತನೆಗೆ ಆಸರೆ ಎಂದೆವು. ಮುಂದಿನ ಬಿತ್ತನೆ ಮಾಡುವವರು ಯಾರು? ಧಾರವಾಡದಲ್ಲಿ ಕುಳಿತ ನಾನಲ್ಲ. ಸರ್ಕಾರ ಇಟ್ಟ ಹೆಸರಿನ ಪ್ರಕಾರವೇ ನೋಡಿದರೂ ಆ ಹಣ ಬಿತ್ತುವವನದು.

ಕೆಲವರು ವಾದ ಮಾಡುತ್ತಾರೆ: ಬರ ಬಿದ್ದ ವರ್ಷ ಲಾವಣಿ ಪೂರ್ತಿ ಬರಲಿಲ್ಲ, ಹೊಲದ ಮಾಲೀಕನಿಗೂ ನಷ್ಟವಾಗಿದೆ ಎಂದು. ಸರಿ, ಅದನ್ನೂ ಲೆಕ್ಕ ಹಾಕೋಣ. ಮುಂಗಡ ಲಾವಣಿ ತೆಗೆದುಕೊಂಡಿದ್ದರೆ ನಷ್ಟ ಪೂರ್ತಿ ಮಾಡುವವನದು, ಪರಿಹಾರವೂ ಪೂರ್ತಿ ಅವನದು. ಪಾಲಿಗೆ ಹಾಕಿದ್ದರೆ ಖರ್ಚು ಯಾವ ಪ್ರಮಾಣದಲ್ಲಿ ಇಬ್ಬರು ಹಾಕಿದರೋ ಅದೇ ಪ್ರಮಾಣದಲ್ಲಿ ಹಣವನ್ನೂ ಹಂಚಬೇಕು. ಮಾಲೀಕ ಲಾವಣಿಯನ್ನೇ ಬಿಟ್ಟುಕೊಟ್ಟಿದ್ದರೆ ಆತನೂ ನಷ್ಟ ಹೊತ್ತಿದ್ದಾನೆ, ಇಬ್ಬರೂ ಕೂತು ಮಾತಾಡಿಕೊಳ್ಳಲಿ. ಇದರಲ್ಲಿ ಕಷ್ಟದ ಗಣಿತ ಏನೂ ಇಲ್ಲ. ಮನಸ್ಸು ಬೇಕು.

ಲಾವಣಿಯವರ ಹೆಸರನ್ನೇ ದಾಖಲೆಗೆ ತಂದರಾಗದೆ ಎಂದು ಯುವಕರು ಕೇಳುತ್ತಾರೆ. ನಮ್ಮ ರಾಜ್ಯದಲ್ಲಿ ಅದು ಸುಲಭವಿಲ್ಲ. ದೇವರಾಜ ಅರಸರ ಕಾಲದ ಭೂ ಸುಧಾರಣೆಯಲ್ಲಿ, 1974ರ ಮಾರ್ಚ್ 1ರಿಂದ, ಉಳುವವನಿಗೇ ಭೂಮಿ ಎಂದು ಗೇಣಿ ಪದ್ಧತಿಯನ್ನೇ ನಿಷೇಧಿಸಿದರು. ಅದರಿಂದ ಲಕ್ಷಾಂತರ ಗೇಣಿದಾರರು ಹೊಲದ ಒಡೆಯರಾದರು, ಅದು ಬಸವತತ್ವಕ್ಕೆ ಒಪ್ಪುವ ಕಾನೂನು ಎಂದೇ ನನ್ನ ಭಾವನೆ. ಆದರೆ ಐವತ್ತು ವರ್ಷದಲ್ಲಿ ಆ ಒಡೆಯರ ಮಕ್ಕಳು ಓದಿ ನೌಕರಿಗೆ ಹೋದರು, ಹೊಲ ಮತ್ತೆ ಲಾವಣಿಗೆ ಬಂತು, ಈ ಸಲ ಬಾಯಿಮಾತಿನಲ್ಲಿ. ಕಾಗದ ಬರೆದುಕೊಟ್ಟರೆ ಹೊಲ ಹೋದೀತು ಎಂದು ಮಾಲೀಕನಿಗೆ ಭಯ. ಕಾಗದ ಕೇಳಿದರೆ ಹೊಲ ಬಿಡಿಸಿಯಾರು ಎಂದು ಮಾಡುವವನಿಗೆ ಭಯ. ಪಕ್ಕದ ಆಂಧ್ರದಲ್ಲಿ 2019ರಲ್ಲಿ ಒಂದು ಕಾಯ್ದೆ ಮಾಡಿದ್ದಾರೆ. ಮಾಲೀಕನ ಒಪ್ಪಿಗೆಯ ಮೇಲೆ 11 ತಿಂಗಳಿಗೆ ಒಂದು ಸಾಗುವಳಿ ಹಕ್ಕಿನ ಕಾರ್ಡು. ಹೊಲದ ಒಡೆತನಕ್ಕೆ ಅದರಿಂದ ಏನೂ ಧಕ್ಕೆ ಇಲ್ಲ, ಬೆಳೆ ಸಾಲ, ವಿಮೆ, ಇನ್‌ಪುಟ್ ಸಬ್ಸಿಡಿಗೆ ಮಾತ್ರ ಅದು ಆಧಾರ. ಅಲ್ಲಿಯೂ ಮಾಲೀಕರು ಸಹಿ ಹಾಕಲು ಹಿಂದೇಟು ಹಾಕುತ್ತಾರೆ. ಆದರೂ ಇಂಥದೊಂದು ಕಾರ್ಡು ನಮ್ಮಲ್ಲೂ ಬರಲಿ ಎಂದು ಲಿಂಗಾಯತ ಸಂಘಟನೆಗಳು ಸರ್ಕಾರವನ್ನು ಕೇಳಬೇಕು. ಮೀಸಲಾತಿಗೆ, ಧರ್ಮದ ಮಾನ್ಯತೆಗೆ ನಾವು ಮನವಿ ಕೊಟ್ಟಿದ್ದೇವೆ, ಮೆರವಣಿಗೆ ಮಾಡಿದ್ದೇವೆ. ಇದಕ್ಕೂ ಒಂದು ಮನವಿ ಬರೆಯಲು ಹೆಚ್ಚು ಶಾಯಿ ಬೇಕಿಲ್ಲ.

ಕಾನೂನು ಬರುವವರೆಗೆ ಏನು? ಇಲ್ಲಿ ನಾನು ಪೂಜ್ಯರ ಎದುರಿಗೇ ಒಂದು ಮಾತು ಹೇಳುತ್ತೇನೆ, ಅವರು ಕೇಳಿ ಬೇಸರ ಮಾಡಿಕೊಳ್ಳುವವರಲ್ಲ. ಮಠಗಳಿಗೂ ಹೊಲ ಉಂಟು. ಭಕ್ತರು ಕೊಟ್ಟದ್ದು, ದಾಸೋಹಕ್ಕೆಂದು ಬಿಟ್ಟದ್ದು. ಅದನ್ನು ಸ್ವಾಮಿಗಳು ಸ್ವತಃ ಉಳುವುದಿಲ್ಲ, ಬಹಳ ಕಡೆ ಯಾರೋ ಒಬ್ಬ ಭಕ್ತ ಮಾಡುತ್ತಾನೆ. ಅಂಥ ಹೊಲಕ್ಕೆ ಪರಿಹಾರದ ಹಣ ಬಂದರೆ ಅದು ಮಾಡಿದವನಿಗೆ ಮುಟ್ಟಬೇಕು, ಬೆಳೆ ಹೋದ ವರ್ಷದ ಲಾವಣಿಯನ್ನು ಮಠ ಕೇಳಬಾರದು. ಇದನ್ನು ಮಠಗಳು ತಾವಾಗಿ ಒಂದು ಪದ್ಧತಿ ಮಾಡಿಕೊಂಡರೆ, ಧಾರವಾಡದಲ್ಲಿ, ಬೆಂಗಳೂರಿನಲ್ಲಿ, ಪುಣೆಯಲ್ಲಿ ಕುಳಿತ ನಮ್ಮಂಥ ಹೊಲದೊಡೆಯರಿಗೆ ನೆಪ ಹೇಳಲು ಜಾಗ ಇರುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿರುವುದೇ. ಮಾರಯ್ಯ ಮಹಾಮನೆಯ ಅಂಗಳದಿಂದ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಎಲ್ಲಿಂದ ತಂದೆಯೋ ಅಲ್ಲಿಗೇ ಹಾಕಿ ಬಾ ಎಂದು ಹಿಂದಕ್ಕೆ ಕಳಿಸಿದವಳು ಅವಳು. ನಾವು ಈ ಕಥೆಯನ್ನು ಬಡವರಿಗೆ ಹೇಳುತ್ತೇವೆ, ಆಸೆ ಬೇಡ ಎಂದು. ನನಗೆ ಅನಿಸುವುದು, ಇಂದು ಅದನ್ನು ಕೇಳಬೇಕಾದವರು ಖಾತೆಗೆ ತಮ್ಮದಲ್ಲದ ಹಣ ಬಂದು ಬಿದ್ದವರು. ಮೊಬೈಲಿನಲ್ಲಿ ಸಂದೇಶ ಬಂದಾಗ ಮನೆಯ ಲಕ್ಕಮ್ಮ ಯಾರಾದರೂ ಕೇಳಬೇಕು, ಇದು ನಮ್ಮ ಕಾಯಕದ್ದೇನು ಎಂದು. ನಮ್ಮ ಮನೆಯಲ್ಲಿ ಕೇಳಿದರು, ಅದಕ್ಕೆ ಈ ಮಾತು ಹೇಳುವ ಧೈರ್ಯ ನನಗಿದೆ.

ಹಾಗೆಂದು ನಿಜವಾಗಿ ಬೆಳೆ ಕಳೆದುಕೊಂಡ ರೈತ ಪರಿಹಾರ ಕೇಳಲು ನಾಚಬೇಕಾಗಿಲ್ಲ. ನಮ್ಮಲ್ಲಿ ಕೆಲವು ಹಿರಿಯರು, ಸರ್ಕಾರದ ಹಣಕ್ಕೆ ಕೈ ಒಡ್ಡುವುದು ಕಾಯಕಕ್ಕೆ ಕಡಿಮೆ ಎಂದು ಅರ್ಜಿಯನ್ನೇ ಹಾಕುವುದಿಲ್ಲ. ಕಾಯಕ ಮಾಡಿದ್ದೀರಿ, ಬಿತ್ತಿದ್ದೀರಿ, ಎಡೆ ಹೊಡೆದಿದ್ದೀರಿ, ಮಳೆ ಬರಲಿಲ್ಲ. ಬೆಂಕಿಪೊಟ್ಟಣದಿಂದ ಹಿಡಿದು ಟ್ರ್ಯಾಕ್ಟರ್ ಟೈರಿನವರೆಗೆ ನೀವು ಕಟ್ಟಿದ ತೆರಿಗೆಯೂ ಸೇರಿ ಆ ನಿಧಿ ಆಗಿದೆ. ಅದು ಭಿಕ್ಷೆಯಲ್ಲ. ಇನ್ನು ಹೊಲವೇ ಇಲ್ಲದ ಕೂಲಿಯವರ ಮಾತು. ಅವರು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಬೆಳೆ ಹೋದರೆ ಕಳೆ ತೆಗೆಯುವ ಕೂಲಿಯೂ ಹೋಯಿತು, ರಾಶಿಯ ಕೂಲಿಯೂ ಹೋಯಿತು. ಅವರ ಹೆಸರು ಬರೆಯಲು ಯಾವ ಕಲಮೂ ಇಲ್ಲ. ಅಂಥ ವರ್ಷದಲ್ಲಿ ಮಠದ ದಾಸೋಹ ಅವರ ಓಣಿಗೆ ಮೊದಲು ಹೋಗಬೇಕು, ಅವರು ಮಠದ ಬಾಗಿಲಿಗೆ ಬರಲಿ ಎಂದು ಕಾಯಬಾರದು.

ಕೊನೆಗೆ ಒಂದು ಪ್ರಕಟಣೆ. ಪೂಜ್ಯರು ಒಪ್ಪಿಗೆ ಕೊಟ್ಟಿದ್ದಾರೆ. ಮುಂದಿನ ತಿಂಗಳ ಗೋಷ್ಠಿಯ ದಿನ ಬೆಳಿಗ್ಗೆ ಹತ್ತರಿಂದ ದಾಸೋಹ ಭವನದಲ್ಲಿ ನಾನು, ನಿವೃತ್ತರಾದ ಒಬ್ಬ ಕಂದಾಯ ನಿರೀಕ್ಷಕರು, ಕಂಪ್ಯೂಟರ್ ಬಲ್ಲ ಇಬ್ಬರು ಹುಡುಗರು ಕುಳಿತಿರುತ್ತೇವೆ. ಪಹಣಿ ಯಾರ ಹೆಸರಿನಲ್ಲಿದೆ, ಎಫ್‌ಐಡಿಗೆ ಯಾವ ಸರ್ವೆ ನಂಬರು ಸೇರಿದೆ, ಯಾವುದು ಬಿಟ್ಟಿದೆ, ಆಧಾರ್‌ಗೆ ಯಾವ ಬ್ಯಾಂಕು ಜೋಡಿಸಿದೆ, ನೋಡಿ ಹೇಳುತ್ತೇವೆ. ಪೌತಿ ಖಾತೆ ಆಗಬೇಕಾದವರಿಗೆ ನಾಡಕಚೇರಿಗೆ ಕೊಡುವ ಅರ್ಜಿ ಬರೆದುಕೊಡುತ್ತೇವೆ. ಯಾವ ಜಾತಿಯವರು ಬಂದರೂ ನಡೆಯುತ್ತದೆ, ಹಣ ಕೊಡಬೇಕಾಗಿಲ್ಲ. ಬರುವಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್, ಇದ್ದಷ್ಟು ಹಳೆಯ ಪಹಣಿ, ತೀರಿಕೊಂಡವರ ಮರಣ ಪ್ರಮಾಣ ಪತ್ರ ತನ್ನಿ. ಮರಣ ಪ್ರಮಾಣ ಪತ್ರ ಇಲ್ಲದಿದ್ದರೆ ತೀರಿಕೊಂಡ ವರ್ಷ, ಊರು ಗೊತ್ತಿರುವ ಒಬ್ಬ ಹಿರಿಯರನ್ನು ಕರೆದುಕೊಂಡು ಬನ್ನಿ. ಮುಖ್ಯವಾಗಿ, ಗಂಡಸರು ಮಾತ್ರ ಬರಬೇಡಿ. ವಂಶಾವಳಿಯಲ್ಲಿ ಬರೆಯಬೇಕಾದ ಅಕ್ಕ ತಂಗಿಯರ ಹೆಸರನ್ನು ಮರೆಯದೆ ಹೇಳುವ ಯಾರಾದರೂ ಒಬ್ಬರು ಜೊತೆಯಲ್ಲಿರಲಿ.